ಅಪ್ಪನ ಹಳೆ ಫೋನ್ ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ ಏನೇನು ಮಾಡ್ಬೇಕು? ರೀಸೆಟ್ ಒಂದೇ ಸಾಕಾ?

ಹೇಮಾವತಿ_ನಾಲೆ (ಗುಬ್ಬಿ)

ನಮಸ್ಕಾರ. ಅಪ್ಪನ ಹಳೆ ಫೋನ್ ಕೊಟ್ಟು ಹೊಸದು ತಗೋಬೇಕು ಅಂತಿದ್ದೀವಿ, ತುಮಕೂರಿನ ಎಂ.ಜಿ. ರೋಡ್ ಕಡೆ. ಹಳೇದು ಆಂಡ್ರಾಯ್ಡ್ 9, ಜೊತೆಗೆ 32 ಜಿಬಿ ಮೆಮೊರಿ ಕಾರ್ಡ್. ಮನೆಯವರೆಲ್ಲರ ಆಧಾರ್ ಫೋಟೊ, ಪಾಸ್‌ಬುಕ್, ಪಹಣಿ ಎಲ್ಲಾ ಅದರಲ್ಲೇ ಇದೆ. ವಾಟ್ಸಾಪ್, ಯುಪಿಐ ಕೂಡ ಅದೇ ಫೋನಲ್ಲಿ. ಅಂಗಡಿಯವರು "ಲಾಕ್ ತೆಗೆದು ಕೊಡಿ, ಡೇಟಾ ನಾವೇ ಹೊಸದಕ್ಕೆ ಹಾಕಿ ರೀಸೆಟ್ ಮಾಡ್ಕೋತೀವಿ" ಅಂತಾರೆ. ರೀಸೆಟ್ ಆದ ಮೇಲೂ ಸಾಫ್ಟ್‌ವೇರ್ ಹಾಕಿ ಫೋಟೊ ವಾಪಸ್ ತೆಗೀಬಹುದು ಅಂತ ಕೆಲವರು ಹೇಳ್ತಾರೆ. ನಿಜಾನಾ? ಯಾವ ಕೆಲಸ ಮೊದಲು, ಯಾವುದು ಆಮೇಲೆ, ಗೊತ್ತಿರೋರು ಬಿಡಿಸಿ ಹೇಳಿ.

ಬಟವಾಡಿ_ಸರ್ವಿಸ್

ಲಾಕ್ ತೆಗೆದು ಕೊಡೋದು ಬೇಡ. ಅಂಗಡಿಯವರು ಎಷ್ಟೇ ಒಳ್ಳೆಯವರಾಗಿರಲಿ, ಡೇಟಾ ವರ್ಗಾವಣೆ ಅವರ ಕಂಪ್ಯೂಟರ್ ಮೂಲಕ ಆದ್ರೆ ಒಂದು ಪ್ರತಿ ಅಲ್ಲೇ ಉಳಿಯುತ್ತೆ. ಬೇಕಂತ ಇಟ್ಕೋಬೇಕಾಗಿಲ್ಲ, ಅಳಿಸೋದು ಮರೆತರೂ ಅಷ್ಟೇ. ಹೊಸ ಫೋನ್ ಮೊದಲು ಮನೆಗೆ ತನ್ನಿ, ಎರಡನ್ನೂ ಪಕ್ಕದಲ್ಲಿಟ್ಟು ನೀವೇ ಮಾಡಿ, ಹಳೇದನ್ನ ಮಾರನೇ ದಿನ ಕೊಡಿ. ಎಕ್ಸ್‌ಚೇಂಜ್ ಬೆಲೆ ಇವತ್ತೇ ನಿಗದಿ ಮಾಡಿ ಫೋನ್ ನಾಳೆ ತಗೊಳ್ಳೋಕೆ ಒಪ್ಪದ ಅಂಗಡಿ ಆದ್ರೆ ಬೇರೆ ಅಂಗಡಿ ನೋಡಿ.

ರೀಸೆಟ್ ವಿಚಾರ. ಫೋನಿನ ಒಳಗಿನ ಸ್ಟೋರೇಜ್ ಎನ್‌ಕ್ರಿಪ್ಟ್ ಆಗಿದ್ರೆ ಅಲ್ಲಿ ಎಲ್ಲವೂ ಗೂಢಲಿಪಿಯಲ್ಲೇ ಇರುತ್ತೆ, ಓದೋಕೆ ಬೇಕಾದ ಕೀಲಿಯೂ ಫೋನಲ್ಲೇ ಇರುತ್ತೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಆ ಕೀಲಿಯೇ ನಾಶ ಆಗುತ್ತೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಹಾಕಿದ್ರೂ ಅರ್ಥವಿಲ್ಲದ ಅಂಕಿಗಳೇ ಸಿಗೋದು. 2015ರ ಆಂಡ್ರಾಯ್ಡ್ 6ರಿಂದ ಹೊಸ ಫೋನುಗಳಲ್ಲಿ ಇದು ಕಡ್ಡಾಯ ಆಯ್ತು, ಆದ್ರೆ ತೀರಾ ಕಡಿಮೆ ಶಕ್ತಿಯ ಪ್ರೊಸೆಸರ್ ಇದ್ದ ಅಗ್ಗದ ಫೋನುಗಳಿಗೆ ಆಂಡ್ರಾಯ್ಡ್ 10 ಬರೋವರೆಗೂ ವಿನಾಯಿತಿ ಇತ್ತು. ನಿಮ್ಮದು 9 ಆಗಿರೋದ್ರಿಂದ ಒಮ್ಮೆ ನೋಡಿಬಿಡಿ: ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ, ಅದರೊಳಗೆ ಎನ್‌ಕ್ರಿಪ್ಷನ್. "ಎನ್‌ಕ್ರಿಪ್ಟೆಡ್" ಅಂತಿದ್ರೆ ನೆಮ್ಮದಿಯಾಗಿ ರೀಸೆಟ್ ಮಾಡಿ. ಇಲ್ಲದಿದ್ರೆ ಅಲ್ಲೇ ಎನ್‌ಕ್ರಿಪ್ಟ್ ಮಾಡೋ ಆಯ್ಕೆ ಸಿಗುತ್ತೆ. ಚಾರ್ಜರ್ ಹಾಕಿಟ್ಟು ಅದನ್ನ ಪೂರ್ತಿ ಮುಗಿಸಿ, ಆಮೇಲೆ ರೀಸೆಟ್.

ನಿಜವಾದ ಅಪಾಯ ಮೆಮೊರಿ ಕಾರ್ಡಿನದು. ಅದು ಸಾಮಾನ್ಯವಾಗಿ ಎನ್‌ಕ್ರಿಪ್ಟ್ ಆಗಿರಲ್ಲ. ಫೋನಲ್ಲಿ ಫಾರ್ಮ್ಯಾಟ್ ಒತ್ತಿದ್ರೆ ಫೈಲುಗಳ ಪಟ್ಟಿ ಮಾತ್ರ ಹೋಗುತ್ತೆ, ಫೋಟೊಗಳು ಹಾಗೇ ಇರ್ತವೆ. ಪುಕ್ಕಟೆ ಸಿಗೋ ಸಾಫ್ಟ್‌ವೇರ್‌ನಲ್ಲೇ ತೆಗೀಬಹುದು. ನೀವು ಕೇಳಿರೋ ಮಾತು ಇಂಥದ್ದರಿಂದಲೇ ಹುಟ್ಟಿರೋದು. ಕಾರ್ಡ್ ಕೊಡಲೇಬೇಡಿ, ತೆಗೆದು ಮನೇಲಿಡಿ. ಬೇರೆಯವರಿಗೆ ಕೊಡಲೇಬೇಕಾದ್ರೆ ವಿಂಡೋಸ್ ಕಂಪ್ಯೂಟರಿಗೆ ಹಾಕಿ "ಕ್ವಿಕ್ ಫಾರ್ಮ್ಯಾಟ್" ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿ. ಆಗ ಇಡೀ ಕಾರ್ಡಿನ ಮೇಲೆ ಸೊನ್ನೆ ಬರೆಯುತ್ತೆ. ಸೆಕೆಂಡಿಗೆ 10 ಎಂಬಿ ಬರೆಯೋ ಕಾರ್ಡ್ ಆದ್ರೆ 32 ಜಿಬಿಗೆ ಹತ್ತಿರ ಹತ್ತಿರ ಒಂದು ಗಂಟೆ. ಒಂದು ವಿನಾಯಿತಿ ಇದೆ: ಕಾರ್ಡನ್ನ "ಇಂಟರ್ನಲ್ ಸ್ಟೋರೇಜ್" ಆಗಿ ಸೇರಿಸಿದ್ರೆ ಅದು ಆ ಫೋನಿಗೆ ಮಾತ್ರ ಓದೋಕಾಗೋ ಹಾಗೆ ಎನ್‌ಕ್ರಿಪ್ಟ್ ಆಗಿರುತ್ತೆ. ರೀಸೆಟ್ ಆದ ಕ್ಷಣಕ್ಕೆ ಅದರಲ್ಲಿರೋ ಫೋಟೊ ನಿಮಗೂ ಸಿಗಲ್ಲ. ಹಾಗಿದ್ರೆ ಮೊದಲು ಕಾಪಿ ಮಾಡ್ಕೊಳ್ಳಿ.

ಇನ್ನೊಂದು ಕಡೆ ತುಂಬಾ ಜನ ಎಡವೋದು: ಕೊಡೋ ಮುಂಚೆ ಕೂತು ಒಂದೊಂದೇ ಫೋಟೊ, ಒಂದೊಂದೇ ನಂಬರ್ ಡಿಲೀಟ್ ಮಾಡ್ತಾರೆ. ಗೂಗಲ್ ಅಕೌಂಟ್ ಇನ್ನೂ ಅದರಲ್ಲೇ ಇರೋದ್ರಿಂದ ಆ ಡಿಲೀಟ್ ಹೊಸ ಫೋನಿಗೂ ತಲುಪುತ್ತೆ. ಎರಡೂ ಕಡೆ ಖಾಲಿ. ಬ್ಯಾಕಪ್ ಆಗಿದ್ದ ಫೋಟೊ ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತೆ ಅನ್ನೋದಷ್ಟೇ ಸಮಾಧಾನ. ಕೈಯಲ್ಲಿ ಏನೂ ಅಳಿಸಬೇಡಿ. ಹೊಸ ಫೋನಲ್ಲಿ ಎಲ್ಲಾ ಬಂದಿದೆಯಾ ನೋಡಿ, ಹಳೇದರಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್‌ಗೆ ಹೋಗಿ ಗೂಗಲ್ ಅಕೌಂಟ್ ರಿಮೂವ್ ಮಾಡಿ, ಫೋನ್ ಕಂಪನಿಯ ಅಕೌಂಟ್ ಬೇರೆ ಇದ್ರೆ ಅದನ್ನೂ ತೆಗೀರಿ, ಕೊನೇಲಿ ರೀಸೆಟ್. ಅಕೌಂಟ್ ತೆಗೆಯದೆ ಪವರ್ ಮತ್ತು ವಾಲ್ಯೂಮ್ ಬಟನ್ ಒತ್ತಿಹಿಡಿದು ರಿಕವರಿಯಿಂದ ರೀಸೆಟ್ ಮಾಡಿದ್ರೆ ಫೋನ್ ಆನ್ ಆದಾಗ ಹಳೆ ಜಿಮೇಲ್ ಪಾಸ್‌ವರ್ಡ್ ಕೇಳುತ್ತೆ. ಅಂಗಡಿಯವರು ಅಪ್ಪನಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳೋ ಪರಿಸ್ಥಿತಿ ಬರೋದು ಇಲ್ಲಿಂದಲೇ. ಯಾರಿಗೂ ಹೇಳಬೇಡಿ.

ನಂಬರುಗಳು "ಫೋನ್" ಅಥವಾ "ಸಿಮ್"ನಲ್ಲಿ ಸೇವ್ ಆಗಿದ್ರೆ ಗೂಗಲ್‌ಗೆ ಹೋಗಿರಲ್ಲ. ಕಾಂಟ್ಯಾಕ್ಟ್ಸ್ ಆಪ್‌ನಲ್ಲಿ ಎಕ್ಸ್‌ಪೋರ್ಟ್ ಕೊಟ್ಟು ಬರೋ ಫೈಲನ್ನ ಹೊಸ ಫೋನಿಗೆ ಕಳಿಸಿ ಇಂಪೋರ್ಟ್ ಮಾಡಿ.

ಶಿರಾಗೇಟ್

ಮೇಲಿನವರು ಯುಪಿಐ ಮುಟ್ಟಿಲ್ಲ, ಅದನ್ನ ನಾನು ಹೇಳ್ತೀನಿ.

ಮೊದಲು ಯುಪಿಐ ಲೈಟ್ ಇದೆಯಾ ನೋಡಿ. ಸಣ್ಣ ಪೇಮೆಂಟಿಗೆ ಪಿನ್ ಕೇಳದೆ ಹೋಗ್ತಿದ್ರೆ ಇದೆ ಅಂತ ಲೆಕ್ಕ. ಅದಕ್ಕೆ ಹಾಕಿದ ದುಡ್ಡು (5,000 ರೂ.ವರೆಗೂ ಇರಬಹುದು) ಆ ಫೋನಿನ ಜೊತೆ ಕಟ್ಟಿಹಾಕಿಕೊಂಡಿರುತ್ತೆ. ಆಪ್‌ನಲ್ಲಿ ಯುಪಿಐ ಲೈಟ್ ಕ್ಲೋಸ್ ಮಾಡಿದ್ರೆ ಉಳಿದಿದ್ದು ಬ್ಯಾಂಕ್ ಖಾತೆಗೆ ವಾಪಸ್ ಬರುತ್ತೆ. ಇದನ್ನ ಬಿಟ್ಟು ರೀಸೆಟ್ ಹೊಡೆದ್ರೆ ಆ ದುಡ್ಡಿಗೆ ದೂರು ಕೊಟ್ಟು ಕಾಯಬೇಕಾಗುತ್ತೆ.

ಹೊಸ ಫೋನಲ್ಲಿ ಯುಪಿಐ ಶುರು ಮಾಡುವಾಗ ಬ್ಯಾಂಕಿಗೆ ಕೊಟ್ಟಿರೋ ಸಿಮ್‌ನಿಂದ ಒಂದು ಎಸ್‌ಎಂಎಸ್ ತಾನಾಗೇ ಹೋಗಬೇಕು. "ವೆರಿಫಿಕೇಶನ್ ಫೇಲ್ಡ್" ಬರೋದು ಹೆಚ್ಚಾಗಿ ಮೂರು ಕಾರಣಕ್ಕೆ: ಸಿಮ್‌ಗೆ ರೀಚಾರ್ಜ್ ಇಲ್ಲದೆ ಹೊರಹೋಗೋ ಎಸ್‌ಎಂಎಸ್ ಬಂದ್ ಆಗಿರುತ್ತೆ, ಎರಡು ಸಿಮ್ ಇದ್ದು ತಪ್ಪು ಸಿಮ್ ಆರಿಸಿರ್ತೀರಿ, ಇಲ್ಲಾ ತೋಟದಲ್ಲಿ ಕೂತು ಸಿಗ್ನಲ್ ಇಲ್ಲದೆ ಮಾಡ್ತಿರ್ತೀರಿ. ಯುಪಿಐ ಪಿನ್ ಹಳೇದೇ ನಡೆಯುತ್ತೆ, ಹೊಸದು ಹಾಕೋ ಅಗತ್ಯ ಸಾಮಾನ್ಯವಾಗಿ ಬರಲ್ಲ.

ಫೋನ್ ಬದಲಾದ ಮೊದಲ 24 ಗಂಟೆ ಒಟ್ಟು 5,000 ರೂ. ಮಾತ್ರ ಕಳಿಸೋಕಾಗೋದು. ಸಿಮ್ ಕದ್ದವರು ಖಾತೆ ಖಾಲಿ ಮಾಡದಿರಲಿ ಅಂತ ಇಟ್ಟಿರೋ ಮಿತಿ ಇದು, ಒಳ್ಳೇದೇ. ಆದ್ರೆ ಅಡಿಕೆ ಕೊಯ್ಲಿನ ಕೂಲಿ ಬಟವಾಡೆ ದಿನ ಫೋನ್ ಬದಲಾಯಿಸಬೇಡಿ.

ವಾಟ್ಸಾಪ್ ಬಗ್ಗೆ: ಹೊಸ ಫೋನಲ್ಲಿ ನಂಬರ್ ನೋಂದಾಯಿಸಿದ ತಕ್ಷಣ ಹಳೇದರಲ್ಲಿ ಲಾಗ್ ಔಟ್ ಆಗುತ್ತೆ. ಅದಕ್ಕೂ ಮುಂಚೆ ಹಳೇದರಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ತೆರೆದು ಸಿದ್ಧವಾಗಿಟ್ಕೊಳ್ಳಿ. ಹೊಸ ಫೋನ್ ತೋರಿಸೋ ಕ್ಯೂಆರ್ ಕೋಡನ್ನ ಹಳೇದರಿಂದ ಸ್ಕ್ಯಾನ್ ಮಾಡಿದ್ರೆ ನೇರವಾಗಿ ವೈಫೈ ಮೇಲೆ ಹೋಗುತ್ತೆ, ಗೂಗಲ್ ಡ್ರೈವ್ ಬೇಕಾಗಲ್ಲ. ಎರಡರಲ್ಲೂ ವೈಫೈ ಮತ್ತು ಲೊಕೇಶನ್ ಆನ್ ಇರಲಿ. ಮುಗಿದ ಮೇಲೆ ಟು ಸ್ಟೆಪ್ ವೆರಿಫಿಕೇಶನ್‌ನ 6 ಅಂಕಿ ಪಿನ್ ಹಾಕಿ, ಇಮೇಲ್ ಕೂಡ ಕೊಡಿ. ಇಮೇಲ್ ಕೊಡದೆ ಪಿನ್ ಮರೆತರೆ 7 ದಿನ ಕಾಯಬೇಕು.

ಹೇಮಾವತಿ_ನಾಲೆ

ಇಬ್ಬರಿಗೂ ಧನ್ಯವಾದ. ಎನ್‌ಕ್ರಿಪ್ಟೆಡ್ ಅಂತ ತೋರಿಸ್ತಿದೆ. ಹೇಳೋದು ಬಿಟ್ಟಿದ್ದೆ, ಸ್ಕ್ರೀನಿನ ಕೆಳಗಡೆ ಟಚ್ ಕೆಲಸ ಮಾಡಲ್ಲ. ರೀಸೆಟ್ ಬಟನ್ ಸರಿಯಾಗಿ ಅಲ್ಲೇ ಬರುತ್ತೆ. ಅಂಗಡಿಯವರು ಆಧಾರ್ ಜೆರಾಕ್ಸ್ ಕೂಡ ಕೇಳಿದ್ದಾರೆ. ಕೊಡಬಹುದಾ?

ಬಟವಾಡಿ_ಸರ್ವಿಸ್

ಟಚ್‌ಗೆ ಒಂದು ಓಟಿಜಿ ಪಿನ್ (ಫೋನಿನ ಚಾರ್ಜಿಂಗ್ ಜಾಗಕ್ಕೆ ಮೌಸ್ ಜೋಡಿಸೋ ಚಿಕ್ಕ ಕನೆಕ್ಟರ್) ತಗೊಂಡು ಕಂಪ್ಯೂಟರ್ ಮೌಸ್ ಚುಚ್ಚಿ. ಸ್ಕ್ರೀನ್ ಮೇಲೆ ಬಾಣದ ಗುರುತು ಬರುತ್ತೆ, ಅದರಲ್ಲೇ ಕ್ಲಿಕ್ ಮಾಡಿ. ಪಿನ್ ತಗೊಳ್ಳುವಾಗ ಚಾರ್ಜಿಂಗ್ ಜಾಗ ನೋಡ್ಕೊಳ್ಳಿ, ಆ ಕಾಲದ ಫೋನುಗಳಲ್ಲಿ ಮೈಕ್ರೋ ಯುಎಸ್‌ಬಿಯೂ ಇರ್ತಿತ್ತು, ಟೈಪ್ ಸಿಯೂ ಇರ್ತಿತ್ತು. ಕೆಲವು ಫೋನಲ್ಲಿ ಸೆಟ್ಟಿಂಗ್ಸ್‌ನಲ್ಲಿ ಓಟಿಜಿ ಆನ್ ಮಾಡಬೇಕಾಗುತ್ತೆ. ಆಟೋ ರೊಟೇಟ್ ಹಾಕಿ ಫೋನ್ ಅಡ್ಡ ಮಾಡಿದ್ರೆ ಬಟನ್ ಬೇರೆ ಜಾಗಕ್ಕೆ ಬರಬಹುದು, ಅದನ್ನೇ ಮೊದಲು ನೋಡಿ, ಖರ್ಚಿಲ್ಲ.

ಬೇರೆ ಫೋನಿಂದ ಗೂಗಲ್‌ನ ಫೈಂಡ್ ಸೇವೆ ಮೂಲಕ ಅಳಿಸಬಹುದು ಅಂತ ಯಾರಾದ್ರೂ ಹೇಳಿದ್ರೆ ಅದು ಕೊನೇ ದಾರಿ ಅಂತ ಇಟ್ಕೊಳ್ಳಿ. ಫೋನಲ್ಲಿ ಇಂಟರ್ನೆಟ್ ಇದ್ರೆ ಅಳಿಸುತ್ತೆ ನಿಜ, ಮೆಮೊರಿ ಕಾರ್ಡ್ ಅಳಿಯದೆ ಉಳಿಯಬಹುದು, ಆಮೇಲೆ ಆನ್ ಮಾಡಿದಾಗ ಜಿಮೇಲ್ ಪಾಸ್‌ವರ್ಡ್ ಕೇಳೋ ಬೀಗವೂ ಹಾಗೇ ಇರುತ್ತೆ.

ಕ್ಯಾತ್ಸಂದ್ರ_ಜೆರಾಕ್ಸ್

ಕದ್ದ ಫೋನ್ ಬಂದರೆ ಪೊಲೀಸರು ಕೇಳ್ತಾರೆ ಅಂತ ಅಂಗಡಿಯವರು ಗುರುತಿನ ಚೀಟಿ ಪ್ರತಿ ಕೇಳೋದು ಸಹಜ. ಆದ್ರೆ ಪೂರ್ತಿ ಆಧಾರ್ ಕೊಡಬೇಕಾಗಿಲ್ಲ. ಮೈಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಡೌನ್‌ಲೋಡ್ ಮಾಡುವಾಗ "ಮಾಸ್ಕ್ಡ್ ಆಧಾರ್" ಟಿಕ್ ಮಾಡಿ, ಕೊನೆಯ 4 ಅಂಕಿ ಮಾತ್ರ ಕಾಣುತ್ತೆ. ಪ್ರಿಂಟಿನ ಮೇಲೆ, ಫೋಟೊಗೂ ಅಕ್ಷರಕ್ಕೂ ತಾಗೋ ಹಾಗೆ ಅಡ್ಡಲಾಗಿ "ಹಳೆ ಮೊಬೈಲ್ ಮಾರಾಟಕ್ಕೆ ಮಾತ್ರ" ಅಂತ ಪೆನ್ನಲ್ಲಿ ಬರೆದು ದಿನಾಂಕ ಹಾಕಿ. ಬದಲಿಗೆ ಅವರಿಂದ ನೀವೂ ಒಂದು ಚೀಟಿ ತಗೊಳ್ಳಿ: ಎರಡೂ ಐಎಂಇಐ ನಂಬರ್ (ಫೋನಿನ ಗುರುತಿನ ಸಂಖ್ಯೆ, *#06# ಒತ್ತಿದ್ರೆ ಬರುತ್ತೆ), ದಿನಾಂಕ, ಅಂಗಡಿ ಸೀಲು, ಸಹಿ. ನಾಳೆ ಆ ಫೋನಲ್ಲಿ ಏನಾದ್ರೂ ತಪ್ಪು ಕೆಲಸ ನಡೆದ್ರೆ ಅಪ್ಪನ ಪರವಾಗಿ ಮಾತಾಡೋದು ಆ ಚೀಟಿ.

ಪ್ರಿಂಟ್ ಹಾಕಿಸೋಕೆ ಆಧಾರನ್ನ ಜೆರಾಕ್ಸ್ ಅಂಗಡಿ ವಾಟ್ಸಾಪ್‌ಗೆ ಕಳಿಸ್ತೀರಲ್ಲ, ಅದೇ ದೊಡ್ಡ ಸೋರಿಕೆ. ಹಳೆ ಫೋನ್ ಎಷ್ಟೇ ಶುದ್ಧವಾಗಿ ಅಳಿಸಿದ್ರೂ ಆ ಪ್ರತಿ ಬೇರೆಯವರ ಕಂಪ್ಯೂಟರಲ್ಲಿ ಕೂತಿರುತ್ತೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅನ್ಬೇಡಿ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ, ಅಷ್ಟೇ ಅದು. ಹೆಸರು ಗೊತ್ತಿದ್ದವನಿಗೆ ಉಳಿಯೋದು ವರ್ಷ ಊಹಿಸೋದು ಮಾತ್ರ. ಕಳಿಸಲೇಬೇಕಾದ್ರೆ ಮಾಸ್ಕ್ ಮಾಡಿದ್ದನ್ನೇ ಕಳಿಸಿ, ಪ್ರಿಂಟ್ ಕೈಗೆ ಬಂದ ತಕ್ಷಣ ಕೌಂಟರ್ ಮುಂದೆ ನಿಂತೇ "ಡಿಲೀಟ್ ಫಾರ್ ಎವ್ರಿವನ್" ಒತ್ತಿ, ಡೌನ್‌ಲೋಡ್ ಆದ ಫೈಲನ್ನೂ ಅಳಿಸೋಕೆ ಹೇಳಿ. ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ.

ತಗೊಳ್ತಿರೋದು ಸೆಕೆಂಡ್ ಹ್ಯಾಂಡ್ ಆಗಿದ್ರೆ ದುಡ್ಡು ಕೊಡೋ ಮುಂಚೆ ಇಂಗ್ಲಿಷಿನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು, ಆ ಫೋನಿನ 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲ್ಯಾಕ್‌ಲಿಸ್ಟೆಡ್, ಡುಪ್ಲಿಕೇಟ್ ಅಥವಾ ಆಗಲೇ ಬಳಕೆಯಲ್ಲಿದೆ ಅಂತ ಉತ್ತರ ಬಂದ್ರೆ ಎಷ್ಟು ಕಮ್ಮಿಗೆ ಕೊಟ್ರೂ ತಗೋಬೇಡಿ.