ಹಳೇ ಸ್ಪೆಕ್ಟ್ರಮ್‌ಗೆ ಅಸೆಂಬ್ಲರ್ ಎಲ್ಲಿ ಸಿಗುತ್ತದೆ?

ಹಾಸನದ ಹುಡುಗ: ಸೋದರಮಾವನ ಮನೆ ಅಟ್ಟದಲ್ಲಿ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಸಿಕ್ಕಿತು, 1980ರ ದಶಕದ ಮನೆ ಕಂಪ್ಯೂಟರ್. ಬ್ರಿಟನ್ನಿನ ಸಿಂಕ್ಲೇರ್ ಕಂಪನಿಯ ಲೈಸೆನ್ಸ್ ಪಡೆದು ಡೆಸಿಬೆಲ್ಸ್ ಕಂಪನಿ ಇಲ್ಲಿ ಮಾರಿದ್ದು, 48ಕೆ ಮೆಮೊರಿ. ಆನ್ ಆಗುತ್ತದೆ, ಬೇಸಿಕ್ ಬರುತ್ತದೆ. ಕ್ಯಾಸೆಟ್‌ಗಳಿಗೆಲ್ಲ ಬೂಷ್ಟು ಹಿಡಿದಿದೆ. ಅಸೆಂಬ್ಲಿ ಭಾಷೆ ಕಲಿಯಬೇಕು. ಅದರಲ್ಲಿ ಬರೆದದ್ದನ್ನು ಮಷಿನ್ ಕೋಡ್ ಮಾಡಿಕೊಡುವ ಅಸೆಂಬ್ಲರ್ ಎಲ್ಲಿ ಸಿಗುತ್ತದೆ?

ಬೈಟ್ ಲೆಕ್ಕ: ಆ ಮಷಿನ್ ಒಳಗೆ ಓಡುವಂಥದ್ದು ಹುಡುಕಬೇಡಿ. ಲ್ಯಾಪ್‌ಟಾಪ್‌ಗೆ ಪಾಸ್ಮೊ ಎಂಬ ಅಸೆಂಬ್ಲರ್ ಹಾಕಿಕೊಳ್ಳಿ, ಉಚಿತ. ಬೇಸಿಕ್ ಲೋಡರ್ ಸಮೇತ ಟ್ಯಾಪ್ ಫೈಲ್, ಅಂದರೆ ಕ್ಯಾಸೆಟ್‌ನ ಫೈಲ್ ರೂಪ, ಮಾಡಿಕೊಡುತ್ತದೆ. ಸಿ ಭಾಷೆ ಬೇಕಾದರೆ ಝಡ್88ಡಿಕೆ. ಮೊದಲು ಲ್ಯಾಪ್‌ಟಾಪ್‌ನಲ್ಲೇ ಸ್ಪೆಕ್ಟ್ರಮ್‌ನಂತೆ ನಡೆಯುವ ಫ್ಯೂಸ್ ಎಮ್ಯುಲೇಟರ್‌ನಲ್ಲಿ ಓಡಿಸಿ. ಆಮೇಲೆ ಟ್ಯಾಪ್ ಫೈಲನ್ನು ವೇವ್ ಧ್ವನಿ ಫೈಲ್ ಮಾಡಿ, ಮೊಬೈಲ್‌ನಿಂದ ಸ್ಪೆಕ್ಟ್ರಮ್‌ಗೆ ಕ್ಯಾಸೆಟ್ ಪ್ಲೇಯರ್ ಜೋಡಿಸುವ ಇಯರ್ ಸಾಕೆಟ್‌ಗೆ ಕೊಡಿ.

ಕ್ಯಾಸೆಟ್ ಕಾಲದವನು: "ಮಷಿನ್ ಒಳಗೆ ಓಡುವಂಥದ್ದು ಹುಡುಕಬೇಡಿ"? ಹಾಗಾದ್ರೆ ಮಷಿನ್ ಯಾಕೆ ಬೇಕು? ಹೈಸಾಫ್ಟ್‌ನವರ ಡೆವ್‌ಪ್ಯಾಕ್ ತಗೊಳ್ಳಿ. ಬರೆಯೋಕೆ ಜೆನ್ಸ್, ತಪ್ಪು ಹುಡುಕೋಕೆ ಮಾನ್ಸ್. ನಾನು ಕಲಿತಿದ್ದು ಅದರಲ್ಲೇ. ನೆಟ್‌ನಲ್ಲಿ ಧಾರಾಳವಾಗಿ ಸಿಗುತ್ತದೆ, ಇಷ್ಟು ವರ್ಷ ಆದ ಮೇಲೆ ಯಾರೂ ಕೇಳೋರಿಲ್ಲ.

ಸೌಮ್ಯ: "ಯಾರೂ ಕೇಳೋರಿಲ್ಲ" ಅಂದ್ರೆ ಮಾಲೀಕರಿಲ್ಲ ಅಂತಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. 1980ರ ದಶಕದ್ದು ಈಗಲೇ ಹೇಗೆ ಮುಗಿಯುತ್ತೆ?

ಕ್ಯಾಸೆಟ್ ಕಾಲದವನು: ಹಕ್ಕು ಹಕ್ಕು ಅಂತೀರಲ್ಲ ಮೇಡಂ, ಸ್ಪೆಕ್ಟ್ರಮ್ ರೋಮ್, ಅಂದ್ರೆ ಮಷಿನ್ ಒಳಗೇ ಬರೋ ಬೇಸಿಕ್ ಪ್ರೋಗ್ರಾಂ, ಹಂಚಿಕೊಳ್ಳಿ ಅಂತ 1999ರಲ್ಲಿ ಆಮ್‌ಸ್ಟ್ರಾಡ್ ಕಂಪನಿಯೇ ಹೇಳಿತು. ಅವರೇ ಬಿಟ್ಟುಕೊಟ್ಟ ಮೇಲೆ ನಿಮಗೇನು ತೊಂದರೆ?

ಸೌಮ್ಯ: "ಬಿಟ್ಟುಕೊಟ್ಟ" ಅನ್ನೋದೇ ತಪ್ಪು. 1986ರಲ್ಲಿ ಸಿಂಕ್ಲೇರ್ ಕಂಪ್ಯೂಟರ್ ವ್ಯವಹಾರ ಕೊಂಡವರು ಅವರು. ಹಕ್ಕು ನಮ್ಮದೇ, ಎಮ್ಯುಲೇಟರ್ ಜೊತೆ ಕೊಡಬಹುದು, ಕಾಪಿರೈಟ್ ಸಾಲು ಮುಟ್ಟಬೇಡಿ ಅಂದರು ಅಷ್ಟೇ. ಉಚಿತ ಲಿನಕ್ಸ್ ಕೊಡೋ ಡೆಬಿಯನ್ ಕೂಡ ಈ ರೋಮ್‌ಗಳನ್ನು ಮುಕ್ತವಲ್ಲದ ವಿಭಾಗದಲ್ಲಿ ಇಟ್ಟಿದೆ. ಡೆವ್‌ಪ್ಯಾಕ್ ಅಂತೂ ಬೇರೆಯವರದ್ದು.

ಬೈಟ್ ಲೆಕ್ಕ: ಡೆಬಿಯನ್‌ನಲ್ಲಿ ಪಾಸ್ಮೊ, ಫ್ಯೂಸ್ ಎರಡೂ ಇವೆ. ಹಾಕಿಕೊಂಡರೆ ಈ ಜಗಳವೇ ಇಲ್ಲ.

ಕ್ಯಾಸೆಟ್ ಕಾಲದವನು: "ಜಗಳವೇ ಇಲ್ಲ" ಅಂತೆ! ನಿಮ್ಮ ಫ್ಯೂಸ್ ಸ್ಪೆಕ್ಟ್ರಮ್ ಆಗೋದು ಅದೇ ರೋಮ್ ಇದ್ದರೆ ತಾನೇ ಸ್ವಾಮಿ. ಕಾಯ್ದೆಯ 52ನೇ ಸೆಕ್ಷನ್ ಓದಿ. ಬ್ಯಾಕಪ್ ಮಾಡಿಕೊಳ್ಳಬಹುದು ಅಂತ ಸ್ಪಷ್ಟವಾಗಿದೆ.

ಸೌಮ್ಯ: ಬ್ಯಾಕಪ್ಪಾ? ನ್ಯಾಯವಾಗಿ ನಿಮ್ಮ ಕೈಯಲ್ಲಿರೋ ಪ್ರತಿಯಿಂದ ಅಂತ ಅಲ್ಲೇ ಇದೆ, ಅದನ್ನ ಬಿಟ್ಟು ಓದಿದಿರಿ. ಕ್ಯಾಸೆಟ್ ಹಾಳಾಗೋ ಮೊದಲೇ ನೀವು ನಕಲು ಮಾಡಿಕೊಂಡಿದ್ದರೆ ಸರಿ. ಯಾರೋ ನೆಟ್‌ಗೆ ಏರಿಸಿದ್ದು ಬ್ಯಾಕಪ್ ಅಲ್ಲ.

ಕ್ಯಾಸೆಟ್ ಕಾಲದವನು: ಹಾಗಾದ್ರೆ ಕಲಿಯೋ ಹುಡುಗರನ್ನೆಲ್ಲ ಕಳ್ಳರು ಅನ್ನಿ! ಆ "ಯಾರೋ" ಏರಿಸದೆ ಇದ್ದಿದ್ರೆ ಇವತ್ತು ಒಂದು ಪ್ರೋಗ್ರಾಮೂ ಉಳೀತಿರಲಿಲ್ಲ.

ತುಂಗಾತೀರ: ವರ್ಲ್ಡ್ ಆಫ್ ಸ್ಪೆಕ್ಟ್ರಮ್ ಅನ್ನೋ ವೆಬ್ ಸಂಗ್ರಹ ಹಳೇ ಪ್ರೋಗ್ರಾಂಗಳನ್ನು 1995ರಿಂದ ಉಳಿಸಿಕೊಂಡು ಬಂದಿದೆ. ಹಕ್ಕುದಾರರು ಬೇಡ ಅಂದದ್ದನ್ನು ಕೊಡದೆ ಬಿಟ್ಟೂ ಇದೆ.

ಸೌಮ್ಯ: "ಬೇಡ ಅಂದದ್ದನ್ನು ಕೊಡದೆ" ಅಂದ್ರಲ್ಲ, ನಾನು ಹೇಳ್ತಿರೋದೂ ಅದನ್ನೇ.

ಕ್ಯಾಸೆಟ್ ಕಾಲದವನು: "ಉಳಿಸಿಕೊಂಡು ಬಂದಿದೆ" ಅಂದ್ರಲ್ಲ, ನಾನೂ ಅದನ್ನೇ ಹೇಳಿದ್ದು.

ಬೈಟ್ ಲೆಕ್ಕ: ಹುಡುಗನಿಗೆ ಕೆಲಸಕ್ಕೆ ಬರೋ ಮಾತು ಆಡೋಣ. 48ಕೆ ಅಂದರೆ 49152 ಬೈಟ್. ಪರದೆಗೇ 6912 ಹೋಯಿತು. ಉಳಿದದ್ದರಲ್ಲಿ ಜೆನ್ಸ್, ನೀವು ಬರೆದ ಸೋರ್ಸ್, ಅದರಿಂದ ಆಗೋ ಮಷಿನ್ ಕೋಡ್, ಮೂರೂ ಹಿಡಿಸಬೇಕು. ಒಂದು ತಪ್ಪು ಲೂಪ್ ಬರೆದು ಮಷಿನ್ ನಿಂತರೆ ಎಲ್ಲ ಹೋಯಿತು. ಮತ್ತೆ ಟೇಪ್‌ನಿಂದ ಮೊದಲಾಗಬೇಕು.

ಕ್ಯಾಸೆಟ್ ಕಾಲದವನು: "ಎಲ್ಲ ಹೋಯಿತು" ಅಂತ ಹೆದರಿಸಬೇಡಿ. ಓಡಿಸೋ ಮೊದಲು ಸೇವ್ ಮಾಡೋದು ನನಗೆ ಅಭ್ಯಾಸ ಆಗಿದ್ದೇ ಹಾಗೆ.

ಹಾಸನದ ಹುಡುಗ: ಪಾಸ್ಮೊದಲ್ಲಿ ಮಾಡಿ ಮೊಬೈಲ್‌ನಿಂದ ಕೊಟ್ಟೆ. ಪರದೆ ಅಂಚಿನಲ್ಲಿ ಪಟ್ಟೆ ಓಡುತ್ತವೆ, ಆಮೇಲೆ ಟೇಪ್ ಲೋಡಿಂಗ್ ಎರರ್.

ತುಂಗಾತೀರ: ವಾಲ್ಯೂಮ್ ಪೂರ್ತಿ ಇಡಿ. ಎಂಪಿ3 ಮಾಡಬೇಡಿ. ಸ್ಟೀರಿಯೊ ಪಿನ್ ಬೇಡ, ಮೊನೊ ಹಾಕಿ.

ಹಾಸನದ ಹುಡುಗ: ಮೊನೊ ಪಿನ್ ಹಾಕಿದೆ, ಲೋಡ್ ಆಯಿತು! ಪ್ರೊಸೆಸರ್‌ನ ಎ ರಿಜಿಸ್ಟರ್‌ಗೆ 2 ಹಾಕಿ, ಅಂಚಿನ ಬಣ್ಣ ನೋಡಿಕೊಳ್ಳೋ 254ನೇ ಪೋರ್ಟಿಗೆ ಕಳಿಸೋದು, ಅಷ್ಟೇ ಪ್ರೋಗ್ರಾಂ. ಅಂಚು ಕೆಂಪಾಯಿತು.

ಕ್ಯಾಸೆಟ್ ಕಾಲದವನು: ಭೇಷ್ ತಮ್ಮಾ. ಈಗ ಅದನ್ನೇ ಜೆನ್ಸ್‌ನಲ್ಲಿ ಬರೆದು ನೋಡು.

ಸೌಮ್ಯ: ಜೆನ್ಸ್ ಎಲ್ಲಿಂದ ತರಬೇಕು ಅಂತಾನೂ ಹೇಳಿಬಿಡಿ ಸರ್.