ಸಹಾಯ ಬೇಕು: ಹಾರೋ ಹಕ್ಕಿಗೆ ಲೆನ್ಸ್ ಸ್ಟೆಬಿಲೈಸೇಶನ್ ಆನ್ ಇಡ್ಬೇಕಾ, ಆಫ್ ಮಾಡ್ಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು 100-400 ಎಂಎಂ ಜೂಮ್, ಕ್ರಾಪ್ ಸೆನ್ಸರ್ ಕ್ಯಾಮೆರಾ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್, ಕ್ರಾಪ್ ಲೆಕ್ಕ 1.5). ಟ್ರೈಪಾಡ್ ಹೊತ್ಕೊಂಡು ಓಡಾಡೋದು ನನ್ನ ಕೈಲಾಗಲ್ಲ, ಹಾಗಾಗಿ ಕೈಯಲ್ಲೇ ಹಿಡಿದು ತೆಗೀತೀನಿ.

ಕೂತಿರೋ ಹಕ್ಕಿ ವಿಷಯದಲ್ಲಿ ತಕರಾರಿಲ್ಲ. ಸ್ಟೆಬಿಲೈಸೇಶನ್ (ಕೈ ನಡುಕದ ಅಲುಗಾಟ ಸರಿದೂಗಿಸೋ ವ್ಯವಸ್ಥೆ) ಮೋಡ್ 1ಕ್ಕೆ, ಅಂದ್ರೆ ಎಲ್ಲಾ ದಿಕ್ಕಿನ ಅಲುಗಾಟ ಸರಿ ಮಾಡೋದಕ್ಕೆ ಹಾಕಿ, ಶಟರ್ ಬಟನ್ ಅರ್ಧ ಒತ್ತಿ, ವ್ಯೂಫೈಂಡರ್‌ನಲ್ಲಿ ಚಿತ್ರ ತಟಸ್ಥವಾದ ಮೇಲೆ ಕ್ಲಿಕ್ ಮಾಡಿದ್ರೆ 1/125 ಸೆಕೆಂಡ್ ಶಟರ್ ವೇಗದಲ್ಲೂ ಗರಿ ಎಣಿಸೋ ಹಾಗೆ ಬರುತ್ತೆ. ಕೈಯಲ್ಲಿ ಹಿಡಿದು ತೆಗೆಯೋಕೆ ಲೆನ್ಸ್‌ನ ಎಂಎಂ ನೋಡಿ ಶಟರ್ ವೇಗ ಇಡೋ ಹಳೇ ಲೆಕ್ಕದ ಪ್ರಕಾರ 400ಕ್ಕೆ 1.5 ಗುಣಿಸಿ 1/600 ಬೇಕಿತ್ತು!

ತಲೆನೋವು ಶುರುವಾಗೋದು ಅದು ಹಾರಿದಾಗ. ಮೋಡ್ 1ರಲ್ಲಿ ಹಿಂಬಾಲಿಸಿದ್ರೆ ಲೆನ್ಸ್ ನನ್ನ ಜೊತೆ ಜಗಳಕ್ಕೆ ನಿಂತಂಗೆ ಫ್ರೇಮನ್ನ ಹಿಂದಕ್ಕೆ ಎಳೆಯುತ್ತೆ. ಮೋಡ್ 2 ಪ್ಯಾನಿಂಗ್‌ಗೆ (ಕ್ಯಾಮೆರಾ ತಿರುಗಿಸ್ತಾ ಹಕ್ಕಿನ ಹಿಂಬಾಲಿಸೋದಕ್ಕೆ) ಅಂತಲೇ ಇರೋದು: ಕ್ಯಾಮೆರಾ ತಿರುಗಿಸೋ ದಿಕ್ಕನ್ನ ಬಿಟ್ಟು, ಅದಕ್ಕೆ ಅಡ್ಡವಾದ ಅಲುಗಾಟ ಮಾತ್ರ ಸರಿ ಮಾಡುತ್ತೆ. ನೇರಕ್ಕೆ ಸಾಗೋ ಕೊಕ್ಕರೆಗೆ ಇದು ಸಲೀಸು. ಓರೆಯಾಗಿ ಮೇಲೇಳೋದು, ಗಿರಕಿ ಹೊಡೆಯೋದು ಬಂದ್ರೆ ಮತ್ತೆ ಮಸುಕು. ಶಟರ್ 1/2000ಕ್ಕೆ ಏರಿಸಿ ಸ್ಟೆಬಿಲೈಸೇಶನ್ ಪೂರ್ತಿ ಆಫ್ ಮಾಡಿಯೂ ನೋಡಿದೆ. ಕೆಲವು ಬಲು ಚೊಕ್ಕವಾಗಿ ಬಂದ್ವು, ಆದ್ರೆ ವ್ಯೂಫೈಂಡರ್ ಕುಣಿಯೋದ್ರಿಂದ ಫೋಕಸ್ ಪಾಯಿಂಟ್ ಹಕ್ಕಿ ಮೇಲೆ ನಿಲ್ಲೋದೇ ಇಲ್ಲ.

ಸ್ಟೆಬಿಲೈಸೇಶನ್ ತಡೆಯೋದು ಕೈ ನಡುಕವನ್ನ, ರೆಕ್ಕೆ ಬಡಿತವನ್ನಲ್ಲ ಅಂತ ಗೊತ್ತು. ಹಾಗಾಗಿ 'ಐಎಸ್‌ಒ (ಬೆಳಕಿನ ಸಂವೇದನೆ) ಏರಿಸಿ ಶಟರ್ ವೇಗ ಹೆಚ್ಚಿಸಿ' ಅಂತಷ್ಟೇ ಹೇಳಿ ಬಿಡಬೇಡಿ ದಯವಿಟ್ಟು.

ನನ್ನ ಪ್ರಶ್ನೆ ಇಷ್ಟೇ: 1/2000ರಲ್ಲಿ ಮೋಡ್ 2 ಆನ್ ಇದ್ರೆ ಶಾರ್ಪ್‌ನೆಸ್‌ಗೆ ನಿಜವಾಗ್ಲೂ ಪೆಟ್ಟು ಬೀಳುತ್ತಾ? ಓರೆ ಹಾರಾಟಕ್ಕೆ ನೀವು ಯಾವುದನ್ನ ಇಡ್ತೀರಿ, ಮೋಡ್ 2 ಅಥವಾ ಪೂರ್ತಿ ಆಫ್?