ಸಹಾಯ ಬೇಕು: ಮಳೆ ಹಿಡಿಯುವ ಮುಂಚೆ ಎರಡು ಹಳೇ ಹಾರ್ಮೋನಿಯಂ

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಎರಡು ಸರ್ಕಾರಿ ಶಾಲೆಗಳಲ್ಲಿ ಶನಿವಾರ ಸಂಗೀತ ಪಾಠ ನಡೀತಿದೆ. 38 ಮಕ್ಕಳು, ಹೆಚ್ಚಿನವರು ತೋಟದ ಕೂಲಿಯವರ ಮನೆಯವರು. ಮಾಯಾಮಾಳವಗೌಳ ರಾಗದ ಸರಳೆ ವರಸೆ (ಮೊದಲ ಸ್ವರಪಾಠ) ಮುಗಿಸಿ ಜಂಟಿ ವರಸೆಗೆ (ಸ್ವರಗಳನ್ನು ಜೋಡಿಯಾಗಿ ಹಾಡುವ ಪಾಠ) ಬಂದಿದ್ದಾರೆ. ಶ್ರುತಿಗೆ ಮೊಬೈಲೇ ಗತಿ. ಹಂಚಿನ ಮೇಲೆ ಮಳೆ ಬಿದ್ದರೆ ಅದು ಕೇಳೋದೇ ಇಲ್ಲ.

ಮೂಲೆ ಸೇರಿರುವ ಹಾರ್ಮೋನಿಯಂ ಇದ್ದರೆ ಕೊಡಿ. ಮೂರು ಸಪ್ತಕ, ಸಿಂಗಲ್ ರೀಡ್ (ಕೀಲಿಗೊಂದೇ ನಾದ ಕೊಡುವ ಲೋಹದ ನಾಲಿಗೆ) ಸಾಕು. ಬ್ಯಾಟರಿ ಸೆಲ್ಲಿನಲ್ಲೂ ನಡೆಯುವ ಶ್ರುತಿಪೆಟ್ಟಿಗೆ ಒಂದು ಬೇಕು, ಕರೆಂಟ್ ನಂಬುವ ಹಾಗಿಲ್ಲ. ಮೃದಂಗ, ತಬಲಾ ಸದ್ಯ ಬೇಡ: ಜುಲೈಯಲ್ಲಿ ಚರ್ಮ ಸಡಿಲಾಗುತ್ತದೆ, ಯಾರೋ ಒಲೆ ಮುಂದೆ ಕಾಯಿಸುತ್ತಾರೆ, ಕರಣೆ (ಚರ್ಮದ ನಡುವಿನ ಕಪ್ಪು ಲೇಪ) ಬಿರುಕು ಬಿಡುತ್ತದೆ.

ಕಳಿಸುವ ಮುಂಚೆ ಹೀಗೆ ನೋಡಿ. ಸ್ಟಾಪರ್‌ಗಳನ್ನೆಲ್ಲ (ಗಾಳಿ ಬಿಡುವ ಮುಂದಿನ ಗುಬ್ಬಿಗಳು) ಮುಚ್ಚಿ, ಕೀಲಿ ಮುಟ್ಟದೆ ತಿದಿ ಒತ್ತಿ. ನಾಲ್ಕೈದು ಸಲಕ್ಕೆ ಬಿಗಿಯಾಗಬೇಕು. ಆಗದಿದ್ದರೆ ಗಾಳಿ ಸೋರುತ್ತಿದೆ. ಅಂಟು ಬಿಟ್ಟಿದ್ದರೆ ಇಲ್ಲೇ ಅಂಟಿಸ್ತೇವೆ. ಹಿತ್ತಾಳೆ ರೀಡಿಗೆ ಕಿಲುಬು ಹಿಡಿದಿದ್ದರೆ ದಯವಿಟ್ಟು ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ. ತುದಿ ಸವೆದರೆ ಸ್ವರ ಏರುತ್ತದೆ, ಬುಡ ಸವೆದರೆ ಇಳಿಯುತ್ತದೆ. ಸಾಗಿಸುವಾಗ ತಿದಿ ಮುಚ್ಚಿ ಕೊಕ್ಕೆ ಹಾಕಿರಲಿ. ಶಿವಮೊಗ್ಗ ಬಸ್‌ಸ್ಟ್ಯಾಂಡಿಗೆ ಬಂದರೆ ಸಾಕು, ಮುಂದಿನದು ನಮ್ಮದು.

ಇನ್ನೊಂದು. ಮಳೆಗಾಲದಲ್ಲಿ ಮರ ಉಬ್ಬಿ ಕೀಲಿಗಳು ಕಚ್ಚಿಕೊಳ್ಳುತ್ತವೆ. ಬೀರುವಿನ ತಳದಲ್ಲಿ 25 ವ್ಯಾಟಿನ ಹಳೇ ಬಲ್ಬು ಉರಿಸಿ, ವಾದ್ಯಕ್ಕೂ ಅದಕ್ಕೂ ಒಂದಡಿ ಅಂತರ ಬಿಡೋ ಯೋಚನೆ ಇದೆ (ಎಲ್‌ಇಡಿ ಬಿಸಿ ಸಾಲದು). ಕರೆಂಟಿಲ್ಲದ ದಿನ ಏನು ಮಾಡೋದು? ಮದ್ದಳೆ ಕಾಪಾಡಿಕೊಳ್ಳುವ ಯಕ್ಷಗಾನದವರು ಯಾರಾದರೂ ಹೇಳಿ. ಸಾಗರ, ತೀರ್ಥಹಳ್ಳಿ ಕಡೆ ರೀಡ್ ಟ್ಯೂನ್ ಮಾಡುವವರಿದ್ದರೂ ತಿಳಿಸಿ.